ಮಾಸ್ತರರ ಬಾಲ್ ಜಾಯಿಂಟ್

ನಮ್ಮ ಮನೆಯಲ್ಲಿ ಯಾವ ಸಾಮಾನು ಕೆಟ್ಟರೂ ಮೊದಲು ಕೆಡುವುದು ನನ್ನ ತಲೆ. ರಿಪೇರಿಗೆ ಕೊಟ್ಟು ಬನ್ನಿ ಅಂದರೆ ನಮ್ಮ ಮನೆಯವರಿಗೆ ಅವಮಾನ. ಲೆಕ್ಕದ ಮಾಸ್ತರರು, ಬೇಸಿಗೆ ರಜೆ ಬೇರೆ. ಆ ಸಲ ಕೆಟ್ಟದ್ದು ನಮ್ಮ ಹಳೇ ಕಾರು. ಮಳೆ ಕೈಕೊಟ್ಟ ವರ್ಷಗಳವು. ಬೀದರಿನ ನೌಬಾದದ ನಮ್ಮ ಓಣಿಗೆ ಟ್ಯಾಂಕರ್ ನೀರೇ ಗತಿ. ಮೂಲೆಯ ಗ್ಯಾರೇಜಿಗೆ ಬೀಗ. ಮೆಕ್ಯಾನಿಕ್ ಹೆಂಡತಿಯನ್ನು ಕರೆದುಕೊಂಡು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ.

ಮೊಣಕಾಲು

ತಗ್ಗು ಬಂದಾಗೆಲ್ಲ ಮುಂದಿನ ಗಾಲಿಯಿಂದ ಕಟಕಟ ಸಪ್ಪಳ. ಬಸ್ಸು ಹತ್ತಲಾಗದ ಅತ್ತೆಯನ್ನು ಭಾಲ್ಕಿಗೆ, ಅವರ ತಮ್ಮನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ, ಇದೇ ಕಾರಿನಲ್ಲಿ ಕರೆದೊಯ್ಯಬೇಕಿತ್ತು.

"ಬಾಲ್ ಜಾಯಿಂಟ್ ಸವದದ," ಅಂದರು ನಮ್ಮವರು.

"ಹಂಗಂದ್ರೇನಪಾ?" ಅತ್ತೆ ಕೇಳಿದರು.

"ನಿನ್ನ ಮೊಣಕಾಲು ಇದ್ದಂಗ. ಸವದಿದ್ದು ತಗದು ಹೊಸದು ಹಾಕಬೇಕು."

ಅತ್ತೆ ತಮ್ಮ ಮೊಣಕಾಲು ಒತ್ತಿಕೊಂಡರು. "ನಂದು ಬದಲಿ ಮಾಡಸ್ರಿ ಅಂತ ಡಾಕ್ಟರ್ ಹೇಳಿ ಭಾಳ ದಿನ ಆಯ್ತು. ಇರ್ಲಿ, ಮೊದ್ಲ ಗಾಡಿದು ಆಗ್ಲಿ. ನಾ ಪಾಳಿ ಹಚ್ಚಿ ಕುಂದರ್ತೇನಿ."

ಎಡ, ಬಲ

ಆ ಮಾಡೆಲಿನ ಸಾಮಾನು ಬೀದರಿನಲ್ಲಿ ಸಿಗಲಿಲ್ಲ. ಔರಾದಿನ ಹಳೆಯ ಅಂಗಡಿಯೊಂದರಲ್ಲಿ ಇದೆಯೆಂದು ಗೊತ್ತಾಗಿ ಇವರು ಗಾಲಿ ಬಿಚ್ಚಿಟ್ಟು ಬಸ್ಸು ಹತ್ತಿದರು. ಅಲ್ಲಿಂದ ಫೋನು: "ನಾ ಬಿಚ್ಚಿದ ಗಾಲಿ ಎಡಗಡಿದೋ ಬಲಗಡಿದೋ? ಅಂಗಡಿಯವ್ರು ಕೇಳ್ಲಿಕತ್ಯಾರ."

ನಾನು ಕಾರಿನ ಮುಂದೆ ನಿಂತು ನೋಡಿ "ಬಲಗಡಿದು" ಅಂದೆ. ತಂದರು. ಹಳೆಯದರ ಪಕ್ಕ ಹಿಡಿದರೆ ಉಲ್ಟಾ.

"ಹೊರಗ ನಿಂತು ನೋಡಿದ್ರ ಹಿಂಗೇ ಆಗ್ತದ. ಒಳಗ ಕುಂತು ನೋಡಬೇಕು," ಅಂತ ನನಗೇ ಪಾಠ.

ಮರುದಿನ ಮತ್ತೆ ಔರಾದ, ಖಾತ್ರಿಗಾಗಿ ಮತ್ತೆ ಫೋನು. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ಗಾಲಿ ಇಲ್ಲದ ಕಡಿ ಕೈ ಎತ್ತು," ಅಂದರು. ಎತ್ತಿದೆ. ಪಕ್ಕದ ಮನೆಯ ಅಜ್ಜಿ ಕಂಡು "ಎಲ್ಲಿಗಿ ಹೊಂಟಿ ತಂಗಿ?" ಅಂತ ಕೇಳಿದರು.

ಫೋನು ಕಿವಿಗೆ ಹಿಡಿದುಕೊಂಡೇ "ಔರಾದಕ್ಕ" ಅಂದೆ.

ಅಜ್ಜಿ ಗಾಡಿಯನ್ನೊಮ್ಮೆ ನೋಡಿದರು. "ಗಾಲಿ ಹಚ್ಕೊಂಡು ಹೋಗವ್ವ, ದೂರ ಅದ."

ನೀರು, ಉಸುಕು

ಹೊಸ ಜಾಯಿಂಟ್ ಬಂತು, ಹಳೆಯದು ಹೊರಬರಲೊಲ್ಲದು. ಪುಣೆಯ ಮೆಕ್ಯಾನಿಕ್‌ಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಇವರು ಗಾಡಿಯ ಕೆಳಗೆ ಮಲಗಿದರು.

"ಎಣ್ಣಿ ಬಿಡ್ರಿ ಮಾಸ್ತರ್," ಅಂದ. ಬಿಟ್ಟರು. "ಪಕ್ಕಕ್ಕ ಸುತ್ತಿಗಿಲೆ ಹೊಡೀರಿ." ಹೊಡೆದರು. "ನೀರ ಹಾಕು."

"ಇಂವ 'ರಿ' ಯಾಕ ಬಿಟ್ಟ?" ಅಂದೆ.

"ಪುಣೆದ ಗಾಳಿ. ನೀ ನೀರ ತಾ."

ಕುಡಿಯಲು ಇಟ್ಟ ನೀರಿನಲ್ಲಿ ಒಂದು ಚರಿಗೆ ಸುರಿದೆ. "ಇನ್ನಷ್ಟು ಹಾಕು," ಅಂದ. ಮತ್ತೊಂದು ಚರಿಗೆ. "ಈಗ ಒಂದು ಪುಟ್ಟಿ ಉಸುಕು ಹಾಕು."

ನಾನು ಫೋನು ಎತ್ತಿಕೊಂಡು ಏನಪ್ಪಾ ಇದು ಅಂತ ಕೇಳಿದೆ. "ನಿಮಗಲ್ರಿ ಅಕ್ಕಾ, ನನ್ನ ಹೆಂಡ್ತಿಗಿ ಹೇಳಿದ್ದು. ಸಿಮೆಂಟ್ ಕಲಸ್ಲಿಕತ್ಯಾಳ."

ತಿರುಗಿ ನೋಡಿದರೆ ಗಾಡಿಯ ಕೆಳಗೆ ಯಾರೂ ಇಲ್ಲ. ಇವರು ಖಾಲಿ ಬುಟ್ಟಿ ಹಿಡಿದು ಪಕ್ಕದ ಮನೆಗೆ ಉಸುಕು ಕೇಳಲು ಹೋಗಿದ್ದರು.

ಬಂತು

ಟ್ಯಾಂಕರ್ ಬರಬೇಕಾದ ದಿನ ದಾಟಿತ್ತು. ಓಣಿಯ ಕಿವಿಯೆಲ್ಲ ರಸ್ತೆಯ ಮೇಲೆ. ಇವರು ಗಾಡಿಯ ಕೆಳಗೆ ಸುತ್ತಿಗೆ ಬಡಿಯುತ್ತಿದ್ದಂತೆ ಒಮ್ಮೆಲೇ ಹಳೇ ಜಾಯಿಂಟ್ ಕಳಚಿ ಬಿತ್ತು. ಖುಷಿಗೆ "ಬಂತು, ಬಂತು!" ಅಂತ ಒದರಿದರು.

ಬಾಗಿಲುಗಳು ತೆರೆದವು. ಕೊಡ, ಬಕೆಟ್, ಡ್ರಮ್ಮು ಹಿಡಿದು ಓಣಿಗೆ ಓಣಿಯೇ ಓಡಿ ಬಂತು. ನಮ್ಮ ಗಾಡಿಯಿಂದಲೇ ಪಾಳಿ ಶುರುವಾಯಿತು. ಇವರು ಮಸಿ ಮುಖದಲ್ಲಿ ಹೊರಬಂದು ಕಬ್ಬಿಣದ ತುಂಡು ತೋರಿಸಿದರು.

"ಇದು ಬಂದ್ರ ನಮಗೇನು ಮಾಸ್ತರ್?" ಅಂದರು ಅಜ್ಜಿ.

ಎಲ್ಲರೂ ಬೈದರು, ಯಾರೂ ಪಾಳಿ ಬಿಡಲಿಲ್ಲ. ಬಿಟ್ಟ ಮೇಲೆ ಖರೇನೇ ಬಂದರೆ? ಅತ್ತೆ ನನ್ನ ಕೈಗೂ ಕೊಡ ಕೊಟ್ಟು, "ಎಲ್ಲಾರೂ ನಿಂತಾರ, ನೀನೂ ನಿಂದ್ರು," ಅಂದರು. ಅಷ್ಟರಲ್ಲಿ ದೊಡ್ಡ ರಸ್ತೆಯಲ್ಲಿ ಹೊರಟಿದ್ದ ಟ್ಯಾಂಕರಿನ ಡ್ರೈವರ್ ಈ ಸಾಲು ಕಂಡ. ನಮ್ಮ ಓಣಿಯನ್ನು ಮರೆತೇಬಿಟ್ಟಿದ್ದನಂತೆ, ತಿರುಗಿಸಿಕೊಂಡು ಬಂದ.

ಹೊಸ ಜಾಯಿಂಟ್ ಕೂತಿತು, ಕಟಕಟ ನಿಂತಿತು, ಅತ್ತೆ ಭಾಲ್ಕಿಯಲ್ಲಿ ತೊಟ್ಟಿಲು ತೂಗಿ ಬಂದರು. ಆದರೆ ಆ ಬೇಸಿಗೆ ಮುಗಿಯುವ ತನಕ, ಟ್ಯಾಂಕರ್ ತಡವಾದಾಗೆಲ್ಲ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು:

"ಮಾಸ್ತರಿಗಿ ಗಾಡಿ ಕೆಳಗ ಹೋಗಿ ಒಂದೀಟು ಒದರ್ಲಿಕ್ಕ ಹೇಳ್ರಿ."