ಮೇಡಂ ಪಕ್ಕದ ಜಾಗ

ಇಷ್ಟಕ್ಕೆಲ್ಲ ಕಾರಣ ಲಾಯರ್ ಮೇಡಂ ಬಾಯಿಂದ ಬಂದ ಒಂದೇ ಒಂದು "ಭೇಷ್". ಅದು ಸಿಕ್ಕಿದ್ದು ಗುಬ್ಬಿಗೆ, ಹೊಟ್ಟೆ ಉರಿದದ್ದು ಕಡ್ಡಿಗೆ.

ಕಾನೂನು ಕಾಲೇಜಿನ ಈ ಇಬ್ಬರೂ ಮೇಡಂ ಕಚೇರಿಯಲ್ಲಿ ಸಂಬಳವಿಲ್ಲದೆ, ಅಂಗವಿಕಲರ ಹಕ್ಕಿನ ಮೊಕದ್ದಮೆಗಳಿಗೆ ಹಳೆಯ ತೀರ್ಪು ಹುಡುಕಿಕೊಡುತ್ತಿದ್ದರು. ಸದ್ಯದ್ದು ಗಾಲಿಕುರ್ಚಿಯ ಟೀಚರಮ್ಮನ ಮೊಕದ್ದಮೆ. ಗ್ರಂಥಾಲಯದ ಬಾಗಿಲಿಗೆ ಗಾಲಿಕುರ್ಚಿ ಹತ್ತಲೆಂದು ಕಟ್ಟಿದ ಇಳಿಜಾರು ತೀರಾ ಕಡಿದಾಗಿದ್ದು ಅವರು ಒಳಗೇ ಹೋಗಲಾರರು. ಅದಕ್ಕೆ ಹೇಳಿ ಮಾಡಿಸಿದಂಥ ತೀರ್ಪನ್ನು ಗುಬ್ಬಿ ಹುಡುಕಿಬಿಟ್ಟಿದ್ದಳು.

"ನಾಳೆ ಕೋರ್ಟಲ್ಲಿ ನನ್ನ ಪಕ್ಕ ಒಬ್ರಿಗೇ ಜಾಗ. ಯಾರು ಅಂತ ಸಂಜೆ ಹೇಳ್ತೀನಿ," ಎಂದರು ಮೇಡಂ.

"ನೀನೇ ಹೋಗೋ, ನಂಗೇನೂ ಬೇಜಾರಿಲ್ಲ," ಎಂದಳು ಗುಬ್ಬಿ.

ಭಿಕ್ಷೆ ಹಾಕ್ತಾಳಂತೆ ಮಹಾತಾಯಿ! ಕಡ್ಡಿಗೆ ಮೈಯೆಲ್ಲ ಉರಿಯಿತು. ತಾನೇ ಗಾಲಿಕುರ್ಚಿಯಲ್ಲಿ ಆ ಇಳಿಜಾರು ಹತ್ತಿನೋಡಿ, ಅನುಭವದ ವರದಿ ತಂದು ಇವಳ ತೀರ್ಪನ್ನು ಮೂಲೆಗೆ ತಳ್ಳಬೇಕೆಂದು ಟೀಚರಮ್ಮನ ಮನೆಗೆ ಓಡಿದ.

"ಹಳೇ ಕುರ್ಚಿ ಇದೆ, ತಗೊಂಡು ಹೋಗಪ್ಪಾ. ಆದ್ರೆ ಹುಷಾರು, ಅಲ್ಲಿ ಹತ್ತೋದು ನಾನೇ ಬಿಟ್ಟಿದೀನಿ."

"ನಂಗೆ ತೋಳಲ್ಲಿ ಶಕ್ತಿ ಇದೆ ಟೀಚರ್!"

"ಇರ್ಲಿ, ಇರ್ಲಿ. ತಲೇಲೂ ಸ್ವಲ್ಪ ಇಟ್ಕೊ."

ಅರ್ಧ ಹತ್ತುವಷ್ಟರಲ್ಲಿ ತೋಳಿನ ಶಕ್ತಿ ಕೈಕೊಟ್ಟಿತು. ಕುರ್ಚಿ ಹಿಂದಕ್ಕೆ ಹೊರಟಿತು. "ಏಯ್, ಬ್ರೇಕ್ ಹಾಕೋ!" ಎಂದು ಕಾವಲುಗಾರ ಕಿರುಚಿದ. ಬ್ರೇಕ್ ಎಲ್ಲಿದೆಯೆಂದು ಕಡ್ಡಿ ಕೇಳಿಕೊಂಡೇ ಬಂದಿರಲಿಲ್ಲ. ಕುರ್ಚಿ ಮುಳ್ಳಿನ ಬೇಲಿಗೆ ನುಗ್ಗಿ ಅವನನ್ನು ಅದರೊಳಕ್ಕೆ ಕೆಡವಿತು.

ಗ್ರಂಥಾಲಯದ ಅಧಿಕಾರಿ ಹೊರಗೋಡಿ ಬಂದು ತಲೆ ಚಚ್ಚಿಕೊಂಡರು. "ಅಯ್ಯೋ ದೇವರೇ! ಇದನ್ನ ಯಾರೂ ಹತ್ತಕ್ಕಾಗಲ್ಲ ಅಂತ ಕಟ್ಟೋವಾಗ್ಲೇ ಬಡ್ಕೊಂಡೆ. ಯಾರು ಕೇಳ್ತಾರೆ ನನ್ನ ಮಾತು?"

ಕಡ್ಡಿಯ ಕಿವಿ ನೆಟ್ಟಗಾಯಿತು. ಇಳಿಜಾರು ಸರಿಯಾಗಿದೆಯೆಂದು ಕೋರ್ಟಿಗೆ ಬರೆದುಕೊಟ್ಟವರು ಇದೇ ಅಧಿಕಾರಿ! ಮುಳ್ಳನ್ನೂ ಕೀಳದೆ, ಕುರ್ಚಿ ತಳ್ಳಿಕೊಂಡು ಕಚೇರಿಗೆ ಓಡಿದ.

ನಡೆದದ್ದನ್ನೆಲ್ಲ ಕೇಳಿದ ಮೇಡಂ ಮೇಜು ಕುಟ್ಟಿದರು. "ಭೇಷ್! ಕೇಸು ಗೆದ್ದ ಹಾಗೇ ಕಣೋ!"

ಕಡ್ಡಿ ಗುಬ್ಬಿಯತ್ತ ಓರೆನೋಟ ಬೀರಿದ. ಆಹಾ, ಜೀವ ತಣ್ಣಗಾಯಿತು. "ಹಾಗಾದ್ರೆ ನಾಳೆ ನಿಮ್ಮ ಪಕ್ಕ ನಾನೇ ತಾನೇ ಮೇಡಂ?"

"ಅದು ಹೇಗಾಗುತ್ತೆ? ನೀನೀಗ ನಮ್ಮ ಸಾಕ್ಷಿ. ಸಾಕ್ಷಿ ಹೇಳೋನು ಒಳಗೆ ಕೂತು ಬೇರೆಯವ್ರ ಮಾತು ಕೇಳೋ ಹಾಗಿಲ್ಲ. ಕರೆಯೋವರೆಗೂ ಹೊರಗಡೆ ಬೆಂಚಲ್ಲಿರ್ಬೇಕು. ಕಾನೂನು ಓದ್ತಿದೀಯ, ಇಷ್ಟೂ ಗೊತ್ತಿಲ್ವಾ? ಪಕ್ಕದಲ್ಲಿ ಗುಬ್ಬಿ ಇರ್ತಾಳೆ."

ಗುಬ್ಬಿ ಅವನ ಪ್ಯಾಂಟಿನ ಹಿಂಭಾಗದಿಂದ ಇಣುಕುತ್ತಿದ್ದ ಮುಳ್ಳುಗಳನ್ನು ನೋಡಿ ಮರುಗಿದಳು.

"ಆ ಬೆಂಚು ತುಂಬಾ ಗಟ್ಟಿ ಕಣೋ. ನಾಳೆ ಒಂದು ದಿಂಬು ತರ್ಲಾ?"