ಗಿರಿಜಕ್ಕನ ಹೊದಿಕೆ ಮತ್ತು ಹನ್ನೊಂದನೆಯ ನಿಮಿಷ

“ನೋಡ್ತಾ ಇರು ಪ್ರಮೀಳಾ! ಇವತ್ತಿನಿಂದ ಈ ರಿಸೀವರ್ ಮಧ್ಯದಲ್ಲಿ ಬಾಯಿ ಮುಚ್ಚಿದ್ರೆ ನನ್ನ ಹೆಸರು ತ್ರ್ಯಂಬಕನೇ ಅಲ್ಲ!”

ಹೀಗೆ ಘೋಷಿಸಿದ ತ್ರ್ಯಂಬಕಯ್ಯನವರು ನಡುಮನೆಯ ಮೇಜಿನ ಮೇಲಿದ್ದ ಹೊಸ ಯಂತ್ರಕ್ಕೆ ತಾವೇ ಕೈಮುಗಿದರು. ಅರಸೀಕೆರೆಯಲ್ಲಿ ರೈಲ್ವೆ ಸಿಗ್ನಲ್ಲುಗಳ ನಡುವೆ ಮೂವತ್ತೆರಡು ವರ್ಷ ಕಳೆದು ನಿವೃತ್ತರಾದವರು ಅವರು. ಅವರು ಕಟ್ಟುವ ಯಂತ್ರಗಳೆಲ್ಲ ಸಿಗ್ನಲ್ಲಿನ ದಾಯಾದಿಗಳಂತೆಯೇ ಕಾಣುತ್ತಿದ್ದವು. ಇದೂ ಅದೇ ವಂಶದ್ದು: ಹಳೆಯ ಸಿಗ್ನಲ್ ದೀಪದ ಹಿತ್ತಾಳೆ ಡಬ್ಬಿ, ಅದರ ನೆತ್ತಿಯಲ್ಲೊಂದು ತಿರುಗಿಸುವ ಗುಂಡಿ, ಹೊಟ್ಟೆಯೊಳಗೆ ಯಾರಿಗೂ ತೋರಿಸದ ತಂತಿಯ ಸುರುಳಿಗಳು. ಹೆಸರು ‘ಶಾಖಚೋರ’.

“ಶಾಖ ಕದಿಯುತ್ತೆ ಸರಿ. ಕದ್ದದ್ದನ್ನ ಎಲ್ಲಿಡುತ್ತೆ?” ಎಂದರು ಪ್ರಮೀಳಾ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರಿಗೆ ಉತ್ತರಕ್ಕಿಂತ ಮೊದಲು ಶೇಷ ಎಷ್ಟೆಂದು ಕೇಳುವ ಅಭ್ಯಾಸ.

“ಹಿತ್ತಲಿನ ಹಂಡೆಗೆ! ಇಲ್ಲಿಂದ ಹೊರಟು ಅಲ್ಲಿಳಿಯುತ್ತೆ. ಹಾಡೂ ಆಯ್ತು, ಸ್ನಾನಕ್ಕೆ ಬಿಸಿನೀರೂ ಆಯ್ತು!”

ಇಷ್ಟೆಲ್ಲ ಸಾಹಸಕ್ಕೆ ಕಾರಣವಾದ ರೇಡಿಯೋ ರಿಸೀವರು ಪಕ್ಕದಲ್ಲೇ ಇತ್ತು. ಎರಡು ದೊಡ್ಡ ಸ್ಪೀಕರುಗಳ ನಡುವೆ, ಬಿಳಿ ದಾರದ ಕ್ರೋಶಾ ಹೊದಿಕೆ ಹೊದ್ದು, ಹಸೆಮಣೆಯ ಮೇಲಿನ ಮದುಮಗಳಂತೆ ಕುಳಿತಿತ್ತು. ಕುಳಿತಿತ್ತೇ ಹೊರತು ಹಾಡುತ್ತಿರಲಿಲ್ಲ. ಹಚ್ಚಿದ ಹನ್ನೊಂದನೆಯ ನಿಮಿಷಕ್ಕೆ ಸರಿಯಾಗಿ ‘ಟಕ್’ ಎಂದು ನಿಂತುಬಿಡುತ್ತಿತ್ತು. ಎದುರಿಗೆ ಪುಟ್ಟ ಕೆಂಪು ದೀಪವೊಂದು ಕಣ್ಣು ಮಿಟುಕಿಸುತ್ತಿತ್ತು. ತನ್ನ ರಕ್ಷಣೆಗಾಗಿ ತಾನೇ ನಿಂತಿದ್ದೇನೆಂದು ಅದರ ಅರ್ಥ.

ತ್ರ್ಯಂಬಕಯ್ಯನವರು ವೈರು ಬದಲಿಸಿದ್ದರು, ಸಾಕೆಟ್ ಬದಲಿಸಿದ್ದರು, ಸ್ಪೀಕರಿನ ಎಳೆಗಳನ್ನು ಬಿಚ್ಚಿ, ತಿಕ್ಕಿ, ಮತ್ತೆ ಸಿಕ್ಕಿಸಿದ್ದರು. ಮುಚ್ಚಳ ತೆಗೆದು ಪರೀಕ್ಷೆಗೆ ಕುಳಿತರೆ ಅದು ದಿನವಿಡೀ ಹಾಡುತ್ತಿತ್ತು. ರಿಪೇರಿ ಅಂಗಡಿಯಲ್ಲಂತೂ ಎರಡು ದಿನ ಒಂದೇ ಸಮನೆ ಹಾಡಿ ಅಂಗಡಿಯವನ ನಿದ್ದೆ ಕೆಡಿಸಿತ್ತು. “ಸಾರ್, ಇದಕ್ಕೇನೂ ಆಗಿಲ್ಲ. ಏನಾದ್ರೂ ಆಗಿದ್ರೆ ನಿಮ್ಮ ಮನೆಗೇ ಆಗಿರ್ಬೇಕು,” ಎಂದು ಅವನು ಕೈಮುಗಿದು ಹಿಂದಕ್ಕೆ ಕಳಿಸಿದ್ದ.

ಪ್ರಮೀಳಾ ಅವರು ಹಳೆಯ ಹಾಜರಿ ಪುಸ್ತಕದಲ್ಲಿ ಎರಡು ಕಾಲಂ ಎಳೆದು, ನಿಂತ ಹೊತ್ತನ್ನೆಲ್ಲ ಬರೆದಿಟ್ಟು, ಮೂರನೆಯ ದಿನವೇ ಕಾರಣ ಕಂಡುಹಿಡಿದಿದ್ದರು. ಹೊದಿಕೆ ಇಲ್ಲದಾಗ ದಿನವಿಡೀ. ಹೊದಿಕೆ ಇದ್ದಾಗ ಹನ್ನೊಂದು ನಿಮಿಷ. ಪಾಪದ ಪೆಟ್ಟಿಗೆಗೆ ಸೆಕೆ!

“ರೀ, ಆ ಹೊದಿಕೆ ತೆಗೆದಿಟ್ರೆ ಮುಗೀತು!”

“ಶ್! ಮೆಲ್ಲಗೆ!” ಎಂದಿದ್ದರು ತ್ರ್ಯಂಬಕಯ್ಯ. ಮೆಲ್ಲಗೆ ಮಾತನಾಡುವ ಅಗತ್ಯವೇನೂ ಇರಲಿಲ್ಲ. ಯಾರಿಗೆ ಕೇಳಬಾರದೋ ಅವರ ಆ ಅಕ್ಕ ಗಿರಿಜಕ್ಕನಿಗೆ ಬಲಗಿವಿ ಪೂರ್ತಿ ಹೋಗಿ, ಎಡಗಿವಿಯಲ್ಲಿ ಒಂದಿಷ್ಟು ಉಳಿದಿತ್ತು. “ಅಕ್ಕನಿಗೆ ಏನಂತ ಹೇಳ್ಲೇ? ನೀನು ಹೆಣೆದದ್ದರಿಂದಲೇ ಪೆಟ್ಟಿಗೆ ನಿಲ್ತಾ ಇದೆ ಅಂತಲೇ? ನಾಲ್ಕು ತಿಂಗಳು ಕೂತು ಹೆಣೆದಿದಾಳೆ. ಇನ್ನು ಬೆರಳು ಬಗ್ಗಲ್ಲ, ಇದೇ ಕೊನೇದು ಅಂದಿದಾಳೆ. ನಿನಗೆ ಧೈರ್ಯ ಇದ್ರೆ ನೀನೇ ಹೇಳು!”

ಪ್ರಮೀಳಾಗೆ ಧೈರ್ಯವಿತ್ತು. ಗಿರಿಜಕ್ಕನೊಡನೆ ಮಾತೆಲ್ಲ ಸ್ಲೇಟಿನ ಮೇಲೆ ನಡೆಯುತ್ತಿದ್ದುದರಿಂದ ಅವರು ಸ್ಲೇಟು ಹಿಡಿದು ಕುಳಿತು, ‘ಅಕ್ಕಾ, ಆ ಹೊದಿಕೆ’ ಎಂದು ಬರೆದರು. ತಲೆಯೆತ್ತಿದರೆ ಗಿರಿಜಕ್ಕ ಕನ್ನಡಕದ ಮೇಲಿಂದ ಮಗುವಿನಂತೆ ನಗುತ್ತ ಕಾಯುತ್ತಿದ್ದರು. ಪ್ರಮೀಳಾ ಸೆರಗಿನಿಂದ ಅಕ್ಷರಗಳನ್ನು ಒರೆಸಿ, ‘ಕಾಫಿ ಬೇಕಾ?’ ಎಂದು ಬರೆದರು. ಆ ದಿನ ಗಿರಿಜಕ್ಕ ಏಳು ಲೋಟ ಕಾಫಿ ಕುಡಿದರು.

ಆದರೆ ಭಾನುವಾರ ಕಾಯುವುದಿಲ್ಲವಲ್ಲ! ಊರಿನಲ್ಲಿ ಹೊಸದಾಗಿ ಶುರುವಾಗಿದ್ದ ಸಮುದಾಯ ಬಾನುಲಿಯ ಹುಡುಗಿಯರು ಹೋದ ತಿಂಗಳು ಮನೆಗೆ ಬಂದು ಗಿರಿಜಕ್ಕನ ಆರತಿ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅರ್ಧ ಗಂಟೆ, ಒಂದೇ ಸಲದ ಪ್ರಸಾರ. ಅರಸೀಕೆರೆಯ ಅದೆಷ್ಟೋ ಮದುವೆ, ನಾಮಕರಣಗಳಲ್ಲಿ ಹಾಡಿದ ಗಿರಿಜಕ್ಕ ತಮ್ಮ ಹಾಡನ್ನು ತಾವು ಹೊರಗಿನಿಂದ ಒಮ್ಮೆಯೂ ಕೇಳಿರಲಿಲ್ಲ. ಫೋನಿನ ಕೀಚಲು ದನಿ ಅವರ ಕಿವಿಗೆ ತಲುಪದು. ಈ ದೊಡ್ಡ ಸ್ಪೀಕರುಗಳೇ ಪೂರ್ತಿ ಗಟ್ಟಿಯಾಗಿ ಕೂಗಬೇಕು. ಎಡಗಿವಿಯೂ ಯುಗಾದಿಯವರೆಗೆ ಉಳಿದರೆ ಹೆಚ್ಚೆಂದು ವೈದ್ಯರು ಹೇಳಿದ್ದರು. ತ್ರ್ಯಂಬಕಯ್ಯ ಒಂದು ವಾಕ್ಯ ಹೇಳಲಾರದೆ ಒಂದು ಯಂತ್ರವನ್ನೇ ಕಟ್ಟಿದ್ದು ಅದಕ್ಕೆ.

ಶುಕ್ರವಾರದ ಪ್ರದರ್ಶನ ಆರಂಭವಾಯಿತು. ಗುಂಡಿ ತಿರುಗಿತು, ಶಾಖಚೋರ ‘ಗುಂಯ್’ ಎಂದಿತು. ರಿಸೀವರು ಹೊದಿಕೆಯಡಿಯಲ್ಲೇ ಹಾಡತೊಡಗಿತು. ಹತ್ತು ನಿಮಿಷ. ಹನ್ನೊಂದು. ಹನ್ನೆರಡು! ತ್ರ್ಯಂಬಕಯ್ಯ ಹಸಿರು ಬಾವುಟ ಬೀಸುವವರಂತೆ ಟವೆಲ್ಲು ಬೀಸಿದರು. ಅರ್ಧ ಗಂಟೆಯಾದರೂ ಪೆಟ್ಟಿಗೆ ಮಡಕೆಯ ನೀರಿನಂತೆ ತಣ್ಣಗಿತ್ತು.

ಪ್ರಮೀಳಾ ಹಿತ್ತಲಿಗೆ ಹೋಗಿ ಹಂಡೆಯಲ್ಲಿ ಕೈಯಿಟ್ಟು ಬಂದರು. “ನೀರು ಉಗುರುಬೆಚ್ಚಗಿದೆ, ಅಷ್ಟೇ. ಮಿಕ್ಕ ಶಾಖ ಎಲ್ಲಿಗೆ ಹೋಯ್ತು?”

ಉತ್ತರವಾಗಿ ಬಾಗಿಲಲ್ಲಿ ಎದುರುಮನೆಯ ಓಂಕಾರಪ್ಪ ಕಾಣಿಸಿಕೊಂಡರು. ಬಸ್ ಕಂಡಕ್ಟರಾಗಿ ನಿವೃತ್ತರಾದ ಅವರು ಎರಡೂ ಕೈಗಳಿಂದ ಹಿಂಬದಿಯನ್ನು ಹಿಡಿದುಕೊಂಡಿದ್ದರು.

“ತ್ರ್ಯಂಬಕಯ್ಯನೋರೇ! ಏನ್ ಕಂಡುಹಿಡಿದ್ರಿ ಇವತ್ತು? ಊಟ ಮಾಡಿ ಕುರ್ಚಿ ಮೇಲೆ ಹಂಗೇ ಕಣ್ಣು ಮುಚ್ಚಿದ್ದೆ. ದೋಸೆ ಕಾವಲಿ ಮೇಲೆ ಕೂತಂಗಾಯ್ತು ಸ್ವಾಮಿ! ತಿರುವಿ ಹಾಕೋದೊಂದು ಬಾಕಿ!”

“ನಾನೇ ಅಂತ ಹೆಂಗೆ ಹೇಳ್ತೀರಿ?”

“ಈ ಬೀದೀಲಿ ಇನ್ಯಾರಿದಾರೆ ಹೇಳಿ?”

ಅಷ್ಟರಲ್ಲಿ ಪಕ್ಕದ ಮನೆಯ ಶಕೀಲಾ ಪಾತ್ರೆಯೊಂದನ್ನು ಹಿಡಿದು ಬಂದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು. “ಟೀಚರಮ್ಮಾ, ಈಗತಾನೆ ಹಾಲಿಗೆ ಹೆಪ್ಪು ಹಾಕಿ ಮುಚ್ಚಿದ್ದೆ. ಕಾಲು ಗಂಟೇಲಿ ಮೊಸರಾಯ್ತು. ಆಹಾ ಅಂತ ನೋಡ್ತಿದ್ದಂಗೆ ಕುದಿಯೋಕೆ ಶುರುವಾಯ್ತು! ಒಲೆ ಮೇಲೆ ಇಟ್ಟೇ ಇಲ್ಲ!”

ಪ್ರಮೀಳಾ ಪಾತ್ರೆ ನೋಡಲಿಲ್ಲ. ಅದರ ಮೇಲಿನ ಮುಚ್ಚುಬಟ್ಟೆ ನೋಡಿದರು. ಅಂಚಿಗೆ ಮಣಿ ಪೋಣಿಸಿದ ಕ್ರೋಶಾ. ನಡುವೆ ಒಂದು ಹೂವು.

“ಓಂಕಾರಪ್ಪನೋರೇ, ನಿಮ್ಮ ಕುರ್ಚಿ ಮೇಲೆ ಏನು ಹಾಸಿತ್ತು?”

“ಗಿರಿಜಕ್ಕ ನಮ್ಮ ಹುಡುಗಿ ಮದುವೇಲಿ ಕೊಟ್ಟಿದ್ದು. ಹೂವಿಂದು.”

“ಎಷ್ಟು ದಳ?”

“ಕೂರೋರು ದಳ ಎಣಿಸ್ತಾರಾ ಮೇಡಂ?”

ಒಂಬತ್ತು ದಳ. ಎಲ್ಲರೂ ಎಂಟು ದಳ ಹೆಣೆದರೆ ಗಿರಿಜಕ್ಕ ಚಿಕ್ಕಂದಿನಲ್ಲಿ ಎಣಿಕೆ ತಪ್ಪಿ ಒಂಬತ್ತು ಕಲಿತಿದ್ದರು. ಆಮೇಲೆ ತಿದ್ದಿಕೊಳ್ಳಲೇ ಇಲ್ಲ. ಆ ತಪ್ಪು ಜಗತ್ತಿನಲ್ಲಿ ಬೇರೆಲ್ಲೂ ಇರದೆಂದು ನಂಬಿದ ತ್ರ್ಯಂಬಕಯ್ಯ ಅದನ್ನೇ ಯಂತ್ರಕ್ಕೆ ವಿಳಾಸವಾಗಿ ಕೊಟ್ಟಿದ್ದರು: ಈ ಹೂವಿನಡಿಯಿಂದ ಶಾಖ ಹೊರಡಲಿ, ಹಂಡೆಗೆ ಕಟ್ಟಿದ ಇಂಥದೇ ಹೂವಿನ ಬಳಿ ಇಳಿಯಲಿ. ನಲವತ್ತು ವರ್ಷಗಳಿಂದ ಗಿರಿಜಕ್ಕ ಬೀದಿಯ ಪ್ರತಿ ಮದುವೆಗೂ, ಪ್ರತಿ ತೊಟ್ಟಿಲಿಗೂ ಒಂದೊಂದು ಹೊದಿಕೆ ಉಡುಗೊರೆ ಕೊಟ್ಟಿದ್ದು ತಮ್ಮನ ಲೆಕ್ಕದಿಂದ ತಪ್ಪಿಹೋಗಿತ್ತು! ಹೊರಡುವ ನಿಲ್ದಾಣ ಒಂದು. ಇಳಿಯುವ ನಿಲ್ದಾಣ ಬೀದಿಯ ತುಂಬ!

ಶನಿವಾರ ಬೆಳಿಗ್ಗೆ ತ್ರ್ಯಂಬಕಯ್ಯ ಯಂತ್ರವನ್ನು ಸರಿಪಡಿಸಲು ಕುಳಿತರು. ಸರಿಪಡಿಸುವುದೆಂದರೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸುವುದು. ಅದು ಅಲ್ಲಿಯೇ ಸಿಕ್ಕಿಕೊಂಡಿತು. ಈಗ ಶಾಖಚೋರನಿಗೆ ಹಸಿವು ಹೆಚ್ಚಾಗಿ, ರಿಸೀವರಿನದು ಸಾಲದೆ ಇಡೀ ಮನೆಯ ಬಿಸಿಯನ್ನು ನುಂಗತೊಡಗಿತು. ಒಲೆ ಉರಿಯುತ್ತಿತ್ತು, ಅಕ್ಕಿ ಬೇಯುತ್ತಿರಲಿಲ್ಲ. ಇಸ್ತ್ರಿ ಪೆಟ್ಟಿಗೆ ಮಂಜಿನ ಗಡ್ಡೆಯಾಯಿತು. ಪ್ರಮೀಳಾ ಬಗ್ಗಿಸಿದ ಕಾಫಿ ಲೋಟ ತಲುಪುವಷ್ಟರಲ್ಲಿ ತಣ್ಣಗೆ ಕೊರೆಯುತ್ತಿತ್ತು. ಬೀದಿಯಲ್ಲೋ, “ಅಯ್ಯಯ್ಯೋ, ತೊಟ್ಟಿಲು! ಟೀವಿ! ತೆಗೀರೇ ಅದನ್ನ!” ಎಂಬ ಕೂಗು. ಒಬ್ಬೊಬ್ಬರೂ ಹೆದರಿ ಹೊದಿಕೆ ಮಡಿಚಿಟ್ಟಂತೆಲ್ಲ ಉಳಿದವರ ಮನೆಯ ಹೊದಿಕೆ ಇನ್ನಷ್ಟು ಕಾಯುತ್ತಿತ್ತು.

ಒಳಗೆ ಗಿರಿಜಕ್ಕ ಎರಡು ಕಂಬಳಿ ಹೊದ್ದು, “ಈ ಸಲ ಮಾಗಿ ಚಳಿ ಮನೆಯೊಳಗೇ ಬಿದ್ದಿದೆಯಲ್ಲೇ ಪ್ರಮೀಳಾ,” ಎಂದು ಮುದುಡಿ ಕುಳಿತಿದ್ದರು.

ಪ್ರಮೀಳಾ ಯಂತ್ರದ ವೈರನ್ನೇ ಕಿತ್ತರು. “ಸಾಕು! ಈಗ ಹೋಗಿ ಅಕ್ಕನಿಗೆ ಹೇಳಿಬಿಡಿ.”

ತ್ರ್ಯಂಬಕಯ್ಯ ಸ್ಲೇಟು ಹಿಡಿದು ಅಕ್ಕನ ಎದುರು ಕುಳಿತರು. ಮೂರು ವರ್ಷದವನಿದ್ದಾಗ ತಾಯಿ ತೀರಿಹೋದ ಮೇಲೆ ಆ ಅಕ್ಕನ ಸೊಂಟದ ಮೇಲೇ ಬೆಳೆದವರು ಅವರು. ಬಹಳ ಹೊತ್ತು ಬಳಪ ಆಡಿಸಿ ಎದ್ದು ಬಂದರು. ಸ್ಲೇಟಿನ ಮೇಲೆ ‘ಕಾಫಿ ಬೇಕಾ?’ ಎಂದಿತ್ತು.

ಪ್ರಮೀಳಾ ನಿಟ್ಟುಸಿರು ಬಿಟ್ಟು ಹಾಜರಿ ಪುಸ್ತಕ ತೆರೆದರು. ಹರಡಿದ ಹೊದಿಕೆಗೆ ಮಾತ್ರ ಶಾಖ ಇಳಿಯುತ್ತದೆ. ಮಡಿಚಿಟ್ಟದ್ದು ತಣ್ಣಗೆ ಉಳಿಯುತ್ತದೆ. ಒಳ್ಳೆಯ ಹೊದಿಕೆಗಳನ್ನು ನೆಂಟರು ಬಂದಾಗ ಹಾಸೋಣವೆಂದು ಟ್ರಂಕಿನಲ್ಲಿಡುವುದು ಎಲ್ಲರ ಪದ್ಧತಿಯಾದ್ದರಿಂದ ನಿನ್ನೆ ಹರಡಿದ್ದವು ಕೆಲವೇ ಕೆಲವು. ಎಲ್ಲವೂ ಹೊರಬಂದರೆ? ಅವರು ಚಪ್ಪಲಿ ಮೆಟ್ಟಿ ಮನೆಮನೆಗೆ ನಡೆದರು. ಸಂಜೆಗೆ ಲೆಕ್ಕ ಸಿಕ್ಕಿತು: ಅರವತ್ತೆಂಟು ಹೊದಿಕೆ. ಗುಂಡಿ ಕೊನೆಯಲ್ಲೇ ಸಿಕ್ಕಿಕೊಂಡಿದ್ದರೂ ಅರವತ್ತೆಂಟರಿಂದ ಭಾಗಿಸಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ತೊಡೆಯ ಮೇಲೆ ಬೆಕ್ಕು ಮಲಗಿದಷ್ಟು ಬಿಸಿ.

“ಅಂದ್ರೆ ನಾನು ಮತ್ತೆ ಅದರ ಮೇಲೆ ಕೂರ್ಬೇಕು ಅಂತೀರಾ?” ಓಂಕಾರಪ್ಪ ಎರಡು ಹೆಜ್ಜೆ ಹಿಂದೆ ಸರಿದರು.

“ಅರ್ಧ ಗಂಟೆ. ಯಾರೂ ಮಧ್ಯದಲ್ಲಿ ಮಡಿಚಬಾರದು. ಒಬ್ರು ಮಡಿಚಿದ್ರೆ ಇನ್ನೊಬ್ರಿಗೆ ಸುಡುತ್ತೆ.”

“ಒಂದು ಹೊದಿಕೆ ತೆಗೀರಿ ಅಂತ ಗಿರಿಜಕ್ಕನಿಗೆ ಹೇಳೋಕಾಗ್ದೆ ಅರವತ್ತೆಂಟು ಹೊದಿಕೆ ಹರಡಿಸ್ತಿದೀರಲ್ಲ, ನೀವೆಂಥ ಲೆಕ್ಕದ ಮೇಡಂ?”

“ಹಾಗಾದ್ರೆ ನೀವು ಬಂದು ಹೇಳ್ತೀರಾ?”

ಓಂಕಾರಪ್ಪ ತಲೆ ಕೆರೆದುಕೊಂಡರು. “ನಮ್ಮ ಹುಡುಗಿ ಮದುವೇಲಿ ಗಂಟಲು ಕಟ್ಟಿದ್ರೂ ಬಂದು ಆರತಿ ಹಾಡಿದ್ರು ಆ ತಾಯಿ. ಆಯ್ತು ಬಿಡಿ. ಹತ್ತಕ್ಕೆ ತಾನೆ? ಕೂತ್ಕೊತೀನಿ.”

ಭಾನುವಾರ ಹತ್ತಕ್ಕೆ ಐದು ನಿಮಿಷವಿದ್ದಾಗ ಬೀದಿಯೇ ಬೆಳ್ಳಗಾಗಿತ್ತು! ಕಾಂಪೌಂಡಿನ ಮೇಲೆ, ಹೊಸ್ತಿಲ ಮೇಲೆ, ಹೆಗಲ ಮೇಲೆ, ತಲೆಯ ಮೇಲೆ ಒಂಬತ್ತು ದಳದ ಹೂವು. ಶಕೀಲಾ ತನ್ನ ಹಾಸಿಗೆಯ ದೊಡ್ಡ ಹೊದಿಕೆಯನ್ನು ತಂದು ಗಿರಿಜಕ್ಕನ ಹೆಗಲಿಗೆ ಹೊದಿಸಿದಳು. ತ್ರ್ಯಂಬಕಯ್ಯ ಯಂತ್ರದ ವೈರು ಸಿಕ್ಕಿಸಿದರು.

ಹಾಡು ಶುರುವಾಯಿತು. ಕಿಟಕಿಯ ಗಾಜು ನಡುಗುವಷ್ಟು ಗಟ್ಟಿಯಾಗಿ ಹಸೆಗೆ ಕರೆಯುವ ದನಿ ಬೀದಿಗೆಲ್ಲ ಹರಿಯಿತು. ಗಿರಿಜಕ್ಕ ಎಡಗಿವಿಯನ್ನು ಸ್ಪೀಕರಿಗೆ ಒಡ್ಡಿ ಕುಳಿತರು. “ಯಾರೋ ಇದು? ಚೆನ್ನಾಗಿ ಹಾಡ್ತಾಳೆ. ಉಸಿರು ಮಾತ್ರ ಸ್ವಲ್ಪ ಸಾಲ್ದು,” ಎಂದರು.

ಹತ್ತನೆಯ ನಿಮಿಷ. ಪ್ರಮೀಳಾ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಹನ್ನೊಂದು. ಹೊರಗೆ ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿಯಿತು. ಓಂಕಾರಪ್ಪ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದರು. ಹನ್ನೆರಡು! ಕೆಂಪು ದೀಪ ಮಿನುಗಲಿಲ್ಲ. ರಿಸೀವರಿನ ಮೈಮೇಲೆ ಬೆಳ್ಳಗೆ ಹಿಮ ಕಟ್ಟತೊಡಗಿತ್ತು. ಅದು ಸುಖವಾಗಿ ಹಾಡುತ್ತಲೇ ಇತ್ತು.

ಹಾಡಿನ ನಡುವೆ ದನಿ ತುಸು ಕೆಮ್ಮಿ, “ಸಾಕೇನಮ್ಮಾ, ಇನ್ನೂ ಹಾಡ್ಲಾ?” ಎಂದು ಕೇಳಿತು. ಗಿರಿಜಕ್ಕ ಬೆಚ್ಚಿದರು. ಅದು ತಾವು ಬಾನುಲಿಯ ಹುಡುಗಿಯರನ್ನು ಕೇಳಿದ ಮಾತು. ಅವರ ಕೈ ಮೆಲ್ಲನೆ ತಮ್ಮ ಕೊರಳಿಗೆ ಹೋಯಿತು.

“ತ್ರ್ಯಂಬಕಾ,” ಎಂದರು. “ಇದು ಅಮ್ಮನ ದನಿ ಕಣೋ. ನನ್ನ ಗಂಟಲಲ್ಲಿ ಅಮ್ಮ ಇದ್ದದ್ದು ನಂಗೇ ಗೊತ್ತಿರ್ಲಿಲ್ಲ. ಕೇಳಿಸ್ಕೋ, ನಿನ್ನ ತೊಟ್ಟಿಲು ತೂಗಿದ್ದು ಹೀಗೇ.”

ತಾಯಿಯ ದನಿಯ ನೆನಪಿಲ್ಲದ ತ್ರ್ಯಂಬಕಯ್ಯ ಅಕ್ಕನ ಕಾಲ ಬಳಿ ನೆಲದ ಮೇಲೆ ಕುಳಿತುಬಿಟ್ಟರು. ಉಳಿದ ಹದಿನೈದು ನಿಮಿಷವೂ ಅವರು ಯಂತ್ರದತ್ತ ತಿರುಗಿ ನೋಡಲಿಲ್ಲ. ಬೀದಿಯಲ್ಲಿ ಮಾಗಿಯ ಚಳಿಯನ್ನು ಮರೆತ ಜನ ಬೆಚ್ಚಗೆ ಹೊದ್ದು ಕೇಳುತ್ತಿದ್ದರು. ತೊಟ್ಟಿಲ ಮಕ್ಕಳೆಲ್ಲ ಒಟ್ಟಿಗೇ ನಿದ್ದೆ ಹೋದವು. ಓಂಕಾರಪ್ಪನವರಂತೂ ಆರತಿಯ ಹಾಡಿಗೆ ಗೊರಕೆಯ ಶ್ರುತಿ ಹಿಡಿದಿದ್ದರು!

ಹಾಡು ಮುಗಿಯಿತು. ಗಿರಿಜಕ್ಕ ಕಣ್ಣೊರೆಸಿಕೊಂಡು ಎದ್ದು ಬಂದು, ರಿಸೀವರಿನ ಹೊದಿಕೆಯನ್ನು ಎರಡು ಬೆರಳಿನಿಂದ ಎತ್ತಿ ನೋಡಿದರು. ಅದು ಹಿಮ ಹಿಡಿದು ಹಪ್ಪಳದಂತೆ ಸೆಟೆದು ನಿಂತಿತು.

“ಅಲ್ವೋ ತ್ರ್ಯಂಬಕ, ಬಹಳ ದಿನದಿಂದ ಕೇಳ್ಬೇಕು ಅಂತಿದ್ದೆ. ಇದನ್ನ ಹೆಣೆದಿದ್ದು ಧೂಳು ಕೂರದಿರ್ಲಿ ಅಂತ. ಪೆಟ್ಟಿಗೆ ಹಾಡುವಾಗ್ಲೂ ಯಾಕೋ ಹೊದಿಸ್ತೀಯ? ಅದಕ್ಕೆ ಸೆಕೆ ಆಗಲ್ವಾ? ನೀನು ಅಷ್ಟು ಅಕ್ಕರೆಯಿಂದ ಹೊದಿಸ್ತಿದ್ದೆ. ತೆಗಿ ಅಂದ್ರೆ ಎಲ್ಲಿ ನೊಂದ್ಕೊತೀಯೋ ಅಂತ ಸುಮ್ಮನಿದ್ದೆ.”

ತ್ರ್ಯಂಬಕಯ್ಯ ಹೆಂಡತಿಯ ಮುಖ ನೋಡಿದರು. ಹೆಂಡತಿ ಹಾಜರಿ ಪುಸ್ತಕ ನೋಡಿದರು. ಆಮೇಲೆ ಪ್ರಮೀಳಾ ಸ್ಲೇಟನ್ನು ಎತ್ತಿಕೊಂಡು, ಸಾವಕಾಶವಾಗಿ, ದುಂಡಾದ ಅಕ್ಷರಗಳಲ್ಲಿ ಬರೆದರು: ‘ಅಕ್ಕಾ, ಕಾಫಿ ಬೇಕಾ?’

ಗಿರಿಜಕ್ಕ ಓದಿ, ಹಿತ್ತಾಳೆಯ ಯಂತ್ರವನ್ನೊಮ್ಮೆ ನೋಡಿ ಹೇಳಿದರು: “ಬಿಸಿಯಾಗಿರೋದಾದ್ರೆ ಕೊಡು.”