ಸ್ಥಾಪಕರ ಕಾಲಂ

ತಪ್ಪು ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಬಹಳ ಗೌರವ. ದೂರದಿಂದಲೇ ಕೈಮುಗಿಯುತ್ತೇನೆ. ಆ ಕೆಲಸ ನನ್ನಿಂದ ಆಗುವುದಿಲ್ಲ, ಆಗಲೂ ಬಾರದು. ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ವಡೋದರಾಕ್ಕೆ ವರ್ಗ ಮಾಡಿದಾಗ ಸಾಮಾನಿನ ಲಾರಿಯಲ್ಲಿ ಉಪ್ಪಿನಕಾಯಿಯ ಎರಡು ಭರಣಿ ಒಡೆದವು. ನನ್ನ ಹಟಕ್ಕೆ ಮಾತ್ರ ಒಂದು ಗೀರೂ ಬೀಳಲಿಲ್ಲ.

ಒಂಬತ್ತನೇ ತರಗತಿಯ ನನ್ನ ಮಗಳು ಮೇಘನಾ ಶಾಲೆಯ ಪ್ರದರ್ಶನಕ್ಕೆ ಒಂದು ಚಾರ್ಟ್ ಮಾಡಬೇಕಿತ್ತು. ಜಗತ್ತಿನ ಧರ್ಮಗಳು, ದರ್ಶನಗಳು, ಅವುಗಳ ಸ್ಥಾಪಕರು, ಮುಖ್ಯ ನಂಬಿಕೆ. ನನ್ನ ಅಕ್ಷರ ದುಂಡಗಿದೆ ಎಂಬ ನೆಪದಲ್ಲಿ ಮಾರ್ಕರ್ ಪೆನ್ನನ್ನು ಕಸಿದುಕೊಂಡೆ. ಬುದ್ಧನ ಎದುರು ಆಸೆಯೇ ದುಃಖಕ್ಕೆ ಮೂಲ ಎಂದು ಬರೆದೆ. ಪಾರ್ಸಿಗಳ ಜರತುಷ್ಟ್ರನಿಗೆ ಒಳ್ಳೆಯ ಯೋಚನೆ, ಒಳ್ಳೆಯ ಮಾತು, ಒಳ್ಳೆಯ ಕೆಲಸ. ಗುರು ನಾನಕರಿಗೆ ದುಡಿದು ಉಣ್ಣು, ಹಂಚಿ ಉಣ್ಣು. ಕೈಮೀರಿದ್ದಕ್ಕೆ ಕೊರಗಬೇಡ ಎಂದ ಗ್ರೀಕರ ಸ್ಟೋಯಿಕರನ್ನು ಬರೆಯುವಾಗ ನಮ್ಮ ಯಜಮಾನರು ಹಿಂದೆ ನಿಂತು ನಿಟ್ಟುಸಿರು ಬಿಟ್ಟರು. ಮದುವೆಯಾದಂದಿನಿಂದ ಅವರದು ಅದೇ ಪಂಥ. ಹಿಂದೂ ಧರ್ಮಕ್ಕೆ ಸ್ಥಾಪಕರು ಇಂಥವರೆಂದು ಹೇಳಲಾಗದೆ ಉದ್ದನೆಯ ಗೆರೆ ಎಳೆದೆ. ಜೈನ ಧರ್ಮದ ಎದುರು ಮಾತ್ರ ಯೋಚಿಸುವ ಗೋಜಿಗೇ ಹೋಗದೆ, ಸ್ಥಾಪಕ ಮಹಾವೀರ, ನಂಬಿಕೆ ಅಹಿಂಸೆ ಮತ್ತು ಅನೇಕಾಂತವಾದ ಎಂದು ಬರೆದು ಮುಗಿಸಿದೆ.

ವಡೋದರಾದ ಗೋರ್ವಾ ಬಡಾವಣೆಯ ನಮ್ಮ ಸೊಸೈಟಿಯಲ್ಲಿ ಎದುರು ಮನೆಯ ಕಂಚನ್‌ಬೆನ್ ಜೈನರು. ಸೂರ್ಯ ಮುಳುಗುವ ಮೊದಲೇ ಅವರ ಊಟ ಮುಗಿದಿರುತ್ತದೆ. ನಾನು ಬ್ಯಾಂಕಿನಿಂದ ಬಂದು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಅವರು ಹರಟೆಗೆ ಬಂದು ಕೂರುತ್ತಾರೆ. ಅಂದೂ ಬಂದವರು ಚಾರ್ಟ್ ನೋಡಿ ನಕ್ಕರು. ಮಹಾವೀರರು ಸ್ಥಾಪಕರಲ್ಲ, ಇಪ್ಪತ್ತನಾಲ್ಕನೆಯ ತೀರ್ಥಂಕರರು. ಮೊದಲನೆಯವರು ಋಷಭನಾಥರು, ಅವರೂ ಹೊಸದೇನನ್ನೂ ಹುಟ್ಟಿಸಲಿಲ್ಲ, ಇದ್ದದ್ದನ್ನೇ ತೋರಿಸಿಕೊಟ್ಟರು ಎಂದರು. ಅವರ ಧರ್ಮದ ವಿಷಯ ಅವರಿಗೇ ಗೊತ್ತಿರಬೇಕಲ್ಲವೇ ಎಂದು ನೀವು ಕೇಳಬಹುದು. ಕೇಳಿ. ಶಾಲೆಯಲ್ಲಿ ಆ ಬಿಟ್ಟ ಸ್ಥಳ ತುಂಬಿ ಪೂರ್ತಿ ಅಂಕ ಪಡೆದವಳು ನಾನು, ಅವರಲ್ಲ.

ಅವರು ಹೋದ ಮೇಲೆ ಮಗಳು ಮುಖ ಊದಿಸಿಕೊಂಡಳು. ಅವಳ ಕ್ಲಾಸಿನಲ್ಲಿ ಅರ್ಧಕ್ಕರ್ಧ ಜೈನರ ಮಕ್ಕಳು.

"ಮಮ್ಮಿ, ನಾಳೆ ಸಬ್ ಕೇ ಸಾಮ್ನೆ ನಾ ಹೇಳಬೇಕು. ಗಲತ್ ಆದ್ರ ಎಲ್ಲಾರೂ ನಗೋದು ನನಗ, ನಿನಗಲ್ಲ."

"ನಗ್ಲಿ. ಧಾರವಾಡದಾಗ ಕಲ್ತದ್ದು ಗುಜರಾತಿಗೆ ಬಂದ ಕೂಡ್ಲೇ ಬದ್ಲಾಗಂಗಿಲ್ಲ."

ಅನೇಕಾಂತವಾದ ಎಂದರೆ ಸತ್ಯಕ್ಕೆ ಹಲವು ಮುಖ ಎಂದು ನಾನೇ ಅವಳಿಗೆ ವಿವರಿಸಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಅದನ್ನವಳು ನೆನಪಿಸಿದಳು. ಸಾರು ಉಕ್ಕುತ್ತಿದೆ ಎಂದು ಒಳಗೆ ಹೋಗಿಬಿಟ್ಟೆ.

ಮರುದಿನ ಕಂಚನ್‌ಬೆನ್ ಜೊತೆಗೇ ಶಾಲೆಯ ಹಾಲ್‌ಗೆ ಹೋದೆ. ಚಾರ್ಟಿನಲ್ಲಿ ನಾನು ಮಹಾವೀರ ಎಂದು ಬರೆದ ಜಾಗಕ್ಕೆ ಬಿಳಿ ಕಾಗದ ಅಂಟಿತ್ತು. ಅದರ ಮೇಲೆ ಕಂಚನ್‌ಬೆನ್ ಹೇಳಿದ್ದೆಲ್ಲ ಇತ್ತು. ಮಗಳು ತಡವರಿಸದೆ ವಿವರಿಸಿದಳು, ಟೀಚರ್ ತಲೆದೂಗಿದರು, ಯಾರೂ ನಗಲಿಲ್ಲ. ನನಗೆ ಹೊಟ್ಟೆಯೂ ಉರಿಯಿತು, ಹೆಮ್ಮೆಯೂ ಆಯಿತು. ಯಾವುದು ಹೆಚ್ಚೆಂದು ಹೇಳುವುದಿಲ್ಲ. ಅಷ್ಟರಲ್ಲಿ ಕೊನೆಗೆ ಅವಳೇ ಸೇರಿಸಿದ್ದ ಹೊಸ ಸಾಲು ಕಣ್ಣಿಗೆ ಬಿತ್ತು. ಧರ್ಮ: ನಮ್ಮ ಮನೆಯದು. ಸ್ಥಾಪಕಿ: ಮಮ್ಮಿ. ಮುಖ್ಯ ನಂಬಿಕೆ: ಮಮ್ಮಿ ಹೇಳಿದ್ದೇ ಸರಿ.

ಈಗ ಎಲ್ಲರೂ ನನ್ನತ್ತ ತಿರುಗಿ ನಕ್ಕರು. ಸಿಟ್ಟು ನೆತ್ತಿಗೇರಿತು. ನಂಬಿಕೆಯ ಬಗ್ಗೆ ನನ್ನದೇನೂ ತಕರಾರಿಲ್ಲ, ಅದು ಇದ್ದದ್ದೇ. ಆದರೆ ಸ್ಥಾಪಕಿ ನಾನು ಹೇಗಾದೇನು? ಅಲ್ಲೇ ಮಗಳನ್ನು ತರಾಟೆಗೆ ತೆಗೆದುಕೊಂಡೆ.

"ಇದನ್ನ ನಾ ಶುರು ಮಾಡೀನೇನು? ನಿಮ್ಮಜ್ಜಿ ಹಿಂಗ ಇದ್ಲು, ಆಕಿ ಅವ್ವನೂ ಹಿಂಗ ಇದ್ಲು. ನಾ ಬರೇ ನಡಸ್ಕೊಂಡು ಬಂದಾಕಿ."

ಸುತ್ತ ನಿಂತವರಿಗೂ ತಿಳಿಯಲೆಂದು ಅದನ್ನು ಹಿಂದಿಯಲ್ಲಿ ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಕಂಚನ್‌ಬೆನ್ ನನ್ನ ಕೈ ಹಿಡಿದುಕೊಂಡು, "ನಾನೂ ನಿನ್ನೆ ಇದನ್ನೇ ಹೇಳಿದ್ದು, ಬೆಹನ್" ಎಂದರು.

ನನ್ನ ಹೆಸರಿನ ಮೇಲೆ ಅಂಟಿಸಲು ಮಗಳು ಬಿಳಿ ಕಾಗದ ಕತ್ತರಿಸತೊಡಗಿದಳು. ಅದು ನೆಟ್ಟಗೆ ಕೂರಲೆಂದು ಚಾರ್ಟಿನ ಮೂಲೆಯನ್ನು ನಾನೇ ಬಿಗಿಯಾಗಿ ಹಿಡಿದುಕೊಂಡು ನಿಂತೆ.